ಬೆಕ್ಕು ಪರಚಿದ ಕುರ್ಚಿ

ಬೆಕ್ಕು ಸಾಕಿದವರ ಮನೆಯಲ್ಲಿ ಒಳ್ಳೆಯ ಕುರ್ಚಿ ಉಳಿಯುವುದಿಲ್ಲವೆಂಬುದು ಅನುಭವಿಗಳ ಮಾತು. ಈ ಮಾತಿನ ಸತ್ಯ ನನಗೆ ಗೋಚರವಾದದ್ದು ನಿವೃತ್ತಿಯ ಅನಂತರ. ಓಲೆಗರಿಗಳಿಗೆ ಹುಳು ಹಿಡಿದು ಹಳಗನ್ನಡ ಕಾವ್ಯಗಳಲ್ಲಿ ಲುಪ್ತವಾದ ಅಕ್ಷರಗಳ ವಿಷಯವಾಗಿ ವರ್ಷಗಟ್ಟಲೆ ಪಾಠ ಹೇಳಿದ ನನಗೆ, ಕಣ್ಣೆದುರಿನ ತೊಗಲಿನ ಮೇಲೆ ಬಿದ್ದ ನಾಲ್ಕು ಗೀರುಗಳನ್ನು ಓದುವುದು ಹೇಗೆಂಬುದು ತಿಳಿದಿರಲಿಲ್ಲ. ಅದನ್ನು ತಿಳಿದ ಬಗೆಯನ್ನೂ ತಿಳಿಯುವ ಮೊದಲು ಮಾಡಿದ ಅವಿವೇಕವನ್ನೂ ಈ ಹೊತ್ತು ತಮ್ಮ ಮುಂದಿಡಲು ಬಯಸುತ್ತೇನೆ.

ಚನ್ನಪಟ್ಟಣದ ನಮ್ಮ ಮನೆಯಲ್ಲಿ ಒಂದು ತೊಗಲಿನ ಕುರ್ಚಿ ಇದೆ. ಉಪಾಧ್ಯಾಯರಾಗಿದ್ದ ನಮ್ಮ ತಂದೆಯವರು 1962ರಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ನಡೆದ ಒಂದು ಹರಾಜಿನಲ್ಲಿ ಅದನ್ನು ಕೊಂಡು, ಲಾರಿಯ ಮೇಲೆ ಹೇರಿಸಿಕೊಂಡು ಬಂದರಂತೆ. ಕಂದುಬಣ್ಣದ ತೊಗಲು, ಅಗಲವಾದ ಕೈಗಳು, ತಲೆಯೊರಗಿಸುವ ಕಡೆ ನುಣುಪಾಗಿ ಸವೆದ ಬೆನ್ನು. ಅವರ ಓದು ಬರಹಗಳೆಲ್ಲ ನಡೆದದ್ದು ಅದರ ಮೇಲೆಯೇ. ಬೆಕ್ಕಾದರೋ ಬಂದದ್ದು ಕನಕಪುರದ ಕಡೆಯ ನೆಂಟರ ಮನೆಯಿಂದ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಇಲಿಯ ಕಾಟ ಸಾಮಾನ್ಯ. ಹುಳುವನ್ನೂ ಗೂಡನ್ನೂ ಅದು ಬಿಡುವುದಿಲ್ಲ. ಹಾಗಾಗಿ ಅಲ್ಲಿ ಬೆಕ್ಕಿಗೆ ಮರ್ಯಾದೆಯ ಉದ್ಯೋಗವಿರುತ್ತದೆ. ನಮ್ಮ ಮನೆಗೆ ಬಂದ ಮರಿಗೆ ಅಂಥ ಉದ್ಯೋಗವಿರಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಕುರ್ಚಿಯ ಬಲಗೈಯ ಮೇಲೆ ಉದ್ದವಾದ ಗೀರುಗಳು, ಬೆನ್ನಿನ ಬದಿಯಲ್ಲಿ ಎರಡು ಅಂಗುಲದಷ್ಟು ಹರಕು.

ನಾನು ಮಾಡಿದ ಮೊದಲ ಚಿಕಿತ್ಸೆ ಕೊಬ್ಬರಿ ಎಣ್ಣೆ. ಎರಡನೆಯದು ಬೂಟ್ ಪಾಲಿಶ್. ನೆತ್ತಿಗೂ ಬಾಗಿಲ ಕೀಲಿಗೂ ಒಗ್ಗುವ ಎಣ್ಣೆ ತೊಗಲಿಗೆ ಒಗ್ಗದಿರಲು ಕಾರಣವೇನೆಂದು ಯೋಚಿಸಿದೆ. ಕಾರಣ ಒಂದು ತಿಂಗಳಲ್ಲಿ ಕಾಣಿಸಿತು. ಎಣ್ಣೆ ಕುಡಿದ ಕಡೆಯೆಲ್ಲ ತೊಗಲು ಕಪ್ಪಾಗಿ ಜಿಡ್ಡಾಯಿತು, ಧೂಳು ಅಂಟಿತು. ಮಾಗಿಯ ಚಳಿಯಲ್ಲಿ ಮೇಲೆ ಬೂದಿಯಂಥ ಬಿಳುಪು ಎದ್ದಿತು. ಚಳಿಗೆ ಗಟ್ಟಿಯಾಗುವ ಜಿಡ್ಡು ಹೀಗೆ ಹೊರಗೆ ಬಂದು ಕೂಡುತ್ತದೆ. ಪಾಲಿಶಿನ ಬಹುಪಾಲು ನನ್ನ ಬಿಳಿಯ ಪಂಚೆಗೆ ವರ್ಗವಾಯಿತು. ಕೊನೆಗೆ, ಬಸ್ ನಿಲ್ದಾಣದ ಬಳಿ ನಲವತ್ತು ವರ್ಷಗಳಿಂದ ಮೆಟ್ಟು ಹೊಲಿಯುತ್ತಿರುವ ಹಿರಿಯರೊಬ್ಬರನ್ನು ಮನೆಗೆ ಕರೆತಂದೆ. ಅವರು ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬೆರಳಿನಿಂದ ತಡವಿ, ಮೂಸಿ ನೋಡಿ, "ಬೆಕ್ಕು ಮಾಡಿರೋದು ಸ್ವಲ್ಪ ಮೇಷ್ಟ್ರೇ, ನೀವು ಮಾಡಿರೋದೇ ಜಾಸ್ತಿ. ಇದರ ಹದ ಕೆಡಿಸಿದ್ದೀರಿ" ಎಂದರು.

ಹದ! ಬಿತ್ತನೆಗೆ ನೆಲದ ಹದ, ಪಾಕಕ್ಕೆ ಬೆಲ್ಲದ ಹದ, ಕಾವ್ಯಕ್ಕೆ ಮಾತಿನ ಹದ. ತೊಗಲನ್ನು ಬಳಕೆಗೆ ತರುವ ಕೆಲಸಕ್ಕೂ ಕನ್ನಡದಲ್ಲಿ ಹದ ಮಾಡುವುದೆಂದೇ ಹೆಸರು. ಹಸಿಯ ತೊಗಲನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಂತೆ ಸೆಟೆಯುತ್ತದೆ. ಎರಡಕ್ಕೂ ನಡುವಣ ಸ್ಥಿತಿಯೇ ಹದ. ಸುಣ್ಣದ ಗುಂಡಿಯಲ್ಲಿ ನೆನೆಸಿ ಕೂದಲನ್ನೂ ಮೇಲ್ಪೊರೆಯನ್ನೂ ಒಳಮಗ್ಗುಲ ಮಾಂಸವನ್ನೂ ತೆಗೆದ ಮೇಲೆ ಉಳಿಯುವುದು ಕೊಲಾಜೆನ್ ಎಂಬ ಸಸಾರಜನಕದ ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ಹಾಸು. ಇದನ್ನು ಮರದ ತೊಗಟೆಯ ಒಗರು ರಸದಲ್ಲಿ ವಾರಗಟ್ಟಲೆ ಇಟ್ಟರೆ ಆ ಒಗರು ಎಳೆಗಳಿಗೆ ಕಚ್ಚಿಕೊಳ್ಳುತ್ತದೆ. ಅನಂತರ ತೊಗಲು ಕೊಳೆಯುವುದಿಲ್ಲ. ಆಮೇಲೆ ಒಂದಿಷ್ಟು ಎಣ್ಣೆ ಎಳೆಗಳ ನಡುವೆ ಸೇರಿದರೆ ಅವು ಒಂದರ ಮೇಲೊಂದು ಜಾರಾಡಿ ತೊಗಲು ಬಾಗಬಲ್ಲದು. ಎಣ್ಣೆ ಕಡಿಮೆಯಾದರೆ ಬಿರುಕು, ಹೆಚ್ಚಾದರೆ ಜೋಲು.

ರಾಮನಗರದಿಂದ ಮಾಗಡಿಯ ಕಡೆ ಹೋಗುವವರು ಬೀಳುನೆಲದಲ್ಲಿ ಹಳದಿ ಹೂ ಬಿಟ್ಟ ತಂಗಡಿಯ ಪೊದೆಗಳನ್ನು ಕಂಡಿರಬಹುದು. ಆವರಿಕೆ ಎಂದೂ ಅದಕ್ಕೆ ಹೆಸರು. ಹೂವನ್ನು ನೋಡಿ ಸಂತೋಷಪಡುವ ನಮಗೆ ಅದರ ತೊಗಟೆಯ ನೆನಪು ಇರುವುದಿಲ್ಲ. ದಕ್ಷಿಣ ಭಾರತದಲ್ಲಿ ತೊಗಲು ಹದ ಮಾಡಲು ಬಹುಕಾಲ ಮುಖ್ಯ ಸಾಮಗ್ರಿಯಾಗಿದ್ದದ್ದು ಈ ತೊಗಟೆಯೇ. ಅಣಲೆಕಾಯಿ ಅದಕ್ಕೆ ಜೊತೆಗಾರ. ಪಂಪುಸೆಟ್ಟುಗಳು ಬರುವ ಮುನ್ನ ನಮ್ಮ ಸೀಮೆಯ ಬಾವಿಗಳಿಂದ ಎತ್ತುಗಳ ಸಹಾಯದಿಂದ ನೀರೆತ್ತುತ್ತಿದ್ದ ಕಪಿಲೆಯ ತೊಗಲಿನ ಚೀಲ ಹೀಗೆ ಹದಗೊಂಡದ್ದು. ಅದು ಸೋರಿದರೆ ಪೈರು ಒಣಗಬೇಕಾಗಿತ್ತು. ಅದನ್ನು ತೇಪೆ ಹಾಕಿ, ಹೊಲಿದು, ಹರಳೆಣ್ಣೆ ಸವರಿ ಸರಿಪಡಿಸುತ್ತಿದ್ದವರು ಊರಿನ ಆಯಗಾರರಲ್ಲಿ ಒಬ್ಬರು; ಸುಗ್ಗಿಯ ಕಣದಲ್ಲಿ ಅವರಿಗೆ ಆಯದ ಧಾನ್ಯ ಸಲ್ಲುತ್ತಿತ್ತು. ಆದುದರಿಂದ ತೊಗಲಿನ ದುರಸ್ತಿ ನಮ್ಮಲ್ಲಿ ಹೊಸ ವಿದ್ಯೆಯಲ್ಲ; ನಾವು ಮರೆತ ವಿದ್ಯೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕ್ರೋಮಿಯಂ ಲವಣಗಳಿಂದ ಹದ ಮಾಡುವ ವಿಧಾನ ಬಳಕೆಗೆ ಬಂದಿತು. ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಇಂದು ಅಂಗಡಿಯಲ್ಲಿ ದೊರೆಯುವ ಸೋಫಾಗಳ ತೊಗಲಿನಲ್ಲಿ ಬಹುಪಾಲು ಈ ಬಗೆಯದು. ದುರಸ್ತಿಗೆ ತೊಡಗುವವನಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ, ಬಣ್ಣ ತೊಗಲಿನ ಒಳಗಿದೆಯೋ ಮೇಲಿದೆಯೋ ಎಂಬುದು. ನಮ್ಮ ಸೀಮೆಯವರಿಗೆ ಈ ಭೇದವನ್ನು ವಿವರಿಸುವುದು ಸುಲಭ. ರೇಷ್ಮೆಯ ನೂಲಿಗೆ ಬಣ್ಣ ಹಾಕಿದರೆ ಅದು ಎಳೆಯ ಒಳಹೋಗುತ್ತದೆ. ಚನ್ನಪಟ್ಟಣದ ಗೊಂಬೆಯ ಮೇಲಾದರೋ, ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗನ್ನು ಒತ್ತಿ ಹಿಡಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ, ಮೇಲೆ ಒಂದು ಪದರವಾಗಿ ಕೂಡುತ್ತದೆ; ಕೇದಗೆಯ ಎಲೆಯಿಂದ ಅದಕ್ಕೆ ಹೊಳಪು ಬರುತ್ತದೆ. ತೊಗಲಿನಲ್ಲಿಯೂ ಈ ಎರಡು ಜಾತಿಗಳಿವೆ. ಬಣ್ಣ ಒಳಗೆ ಇಳಿದ ತೊಗಲಿನಲ್ಲಿ ಕೂದಲ ಬುಡದ ಸಣ್ಣ ರಂಧ್ರಗಳು ಕಾಣುತ್ತವೆ, ಮೈ ಮೆತ್ತಗಿರುತ್ತದೆ, ಕಲೆ ಬೇಗ ಹಿಡಿಯುತ್ತದೆ. ಬಣ್ಣ ಮೇಲೆ ಕುಳಿತ ತೊಗಲು ಒಂದೇ ಸಮನಾಗಿ ಕಾಣುತ್ತದೆ, ನೀರನ್ನು ತಡೆಯುತ್ತದೆ.

ಪರೀಕ್ಷೆ ಸರಳ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ತೊಟ್ಟು ನೀರು ಬಿಡಬೇಕು. ತೊಟ್ಟು ಮಣಿಯಂತೆ ನಿಂತರೆ ಬಣ್ಣದ ಪದರ ಮೇಲಿದೆ. ಇಂಗಿ ಕಪ್ಪಾದರೆ ಇಲ್ಲ. ಇದಕ್ಕೂ ಮೊದಲು ಅದು ತೊಗಲೇ ಹೌದೋ ಎಂಬುದನ್ನು ನೋಡಿಕೊಳ್ಳುವುದು ಕ್ಷೇಮ. ಕುರ್ಚಿಯ ಅಡಿಯಲ್ಲಿ ಅಂಚನ್ನು ಮಗುಚಿ ನೋಡಿದರೆ, ತೊಗಲಿನ ಹಿಂಬದಿ ನಾರುನಾರಾಗಿರುತ್ತದೆ; ರೆಕ್ಸಿನ್ನಿನ ಹಿಂಬದಿ ಬಟ್ಟೆ. ರೆಕ್ಸಿನ್ನಿನ ಮುಖ ಹೊಪ್ಪಳೆಯಾಗಿ ಏಳತೊಡಗಿದರೆ ಬೇರೆ ಹೊದಿಕೆ ಹಾಕಿಸುವುದೇ ಲೇಸು.

ಇನ್ನು ಗಾಯವನ್ನು ಓದುವ ವಿಷಯ. ಬೆಕ್ಕಿನ ಉಗುರು ಚೂರಿಯಂತೆ ಕೊಯ್ಯುವುದಿಲ್ಲ. ಗಾಳದಂತೆ ಸಿಕ್ಕಿಸಿ ಎಳೆಯುತ್ತದೆ. ಆದುದರಿಂದ ಹೆಚ್ಚಿನ ಗೀರುಗಳಲ್ಲಿ ತೊಗಲು ಕಳೆದುಹೋಗಿರುವುದಿಲ್ಲ. ಎದ್ದು ನಿಂತಿರುತ್ತದೆ, ಅಷ್ಟೆ. ನಾವು ಗೀರು ಕಂಡ ಕೂಡಲೇ ತುಂಬಲು ಧಾವಿಸುತ್ತೇವೆ. ಮೊದಲು ಮಾಡಬೇಕಾದದ್ದು, ಎದ್ದದ್ದನ್ನು ಅದರ ಜಾಗದಲ್ಲಿ ಮತ್ತೆ ಮಲಗಿಸುವುದು. ಆ ಹಿರಿಯರು ಕಲಿಸಿದ ಮೊದಲ ಪಾಠ ಇದು.

ಅದಕ್ಕೂ ಮುನ್ನ ಶುದ್ಧಿ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಹಿಂಡಿದ ಬಟ್ಟೆಯಿಂದ ಒರೆಸಬೇಕು. ತೊಗಲಿನ ಸ್ವಭಾವ ತುಸು ಆಮ್ಲ. ಬಟ್ಟೆ ಒಗೆಯುವ ಸಾಬೂನು, ಸೋಡ ಮುಂತಾದ ಕ್ಷಾರಗಳು ಅದಕ್ಕೆ ಶತ್ರುಗಳು. ಬೇಕಾದರೆ ಸೌಮ್ಯವಾದ ದ್ರವ ಸಾಬೂನನ್ನು ಒಂದೆರಡು ತೊಟ್ಟು ನೀರಿಗೆ ಬೆರೆಸಿ, ಮೂಲೆಯಲ್ಲಿ ಪರೀಕ್ಷಿಸಿ ಬಳಸಬಹುದು. ನೆರಳಿನಲ್ಲಿಯೇ ಆರಬೇಕು, ಬಿಸಿಲಿಗಿಟ್ಟರೆ ತೊಗಲು ಒಣಗಿ ಬಿರಿಯುತ್ತದೆ. ನಾನು ಕುಡಿಸಿದ ಎಣ್ಣೆಯನ್ನು ಹೊರತೆಗೆಯಲು ಕಾರ್ನ್‌ಫ್ಲೋರ್ ಉದುರಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಬ್ರಷ್ಷಿನಿಂದ ತೆಗೆಯಬೇಕಾಯಿತು. ಹೀಗೆ ಎಂಟು ಹತ್ತು ರಾತ್ರಿ. ಎಣ್ಣೆ ಸ್ವಲ್ಪ ಬಂದಿತು, ಎಲ್ಲ ಬರಲಿಲ್ಲ. ಆ ಕಪ್ಪು ಇಂದಿಗೂ ಉಂಟು.

ಗಾಯಗಳು ಮೂರು ಬಗೆ. ಮೊದಲನೆಯದು ಬರಿಯ ಗೆರೆ: ಬಣ್ಣ ಮಾಸಿದೆ, ಎಳೆ ಎದ್ದಿಲ್ಲ. ಬಣ್ಣ ಒಳಗಿಳಿದ ತೊಗಲಾದರೆ ಬೆರಳ ಬಿಸಿಯಿಂದ ಮೆಲ್ಲಗೆ ಉಜ್ಜಿದರೇ ಅರ್ಧ ಮಾಯವಾಗುತ್ತದೆ. ತೊಗಲಿಗೆಂದೇ ಮಾಡಿದ, ಬಣ್ಣವಿಲ್ಲದ ಕ್ರೀಮನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಬಟ್ಟೆಯಿಂದ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಸಾಕು. ಬಣ್ಣದ ಪದರವಿರುವ ತೊಗಲಿನ ಒಳಕ್ಕೆ ಕ್ರೀಮು ಹೋಗುವುದೇ ಇಲ್ಲ. ಅಲ್ಲಿ ಬಣ್ಣವನ್ನೇ ತೇಪಬೇಕು.

ಎರಡನೆಯದು, ಎಳೆಗಳು ಕಿತ್ತೆದ್ದ ಗೀರು. ಏಳದೆ ಉಳಿದ ಎಳೆಯನ್ನು ಎಳೆಯಬಾರದು. ಉಗುರು ಬಂದ ದಿಕ್ಕಿಗೆ ವಿರುದ್ಧವಾಗಿ ಎಳೆಗಳನ್ನು ಹಿಂದಕ್ಕೆ ಒತ್ತಿ, ಒಣಗಿದ ಮೇಲೂ ಬಾಗುವಂಥ ಅಂಟನ್ನು ಕಡ್ಡಿಯ ತುದಿಯಿಂದ ತೆಳುವಾಗಿ ಹಚ್ಚಿ ಮಲಗಿಸಬೇಕು. ಮಲಗಲೊಲ್ಲದ ತುದಿಗಳನ್ನು ಮಾತ್ರ ಸಣ್ಣ ಕತ್ತರಿಯಿಂದ ಕತ್ತರಿಸಬೇಕು. ಆರಿದ ಮೇಲೂ ಗುಳಿ ಉಳಿದರೆ, ತೊಗಲಿಗೆ ತುಂಬುವ ಮೆತ್ತನೆಯ ಲೇಪವನ್ನು ಪದರ ಪದರವಾಗಿ, ಒಂದು ಆರಿದ ಮೇಲೆ ಇನ್ನೊಂದರಂತೆ ತುಂಬಿ, ಅತಿ ನಯವಾದ ಉಪ್ಪುಕಾಗದದಿಂದ ಸುತ್ತಲ ಮಟ್ಟಕ್ಕೆ ತರಬೇಕು. ಒಂದೇ ಸಲಕ್ಕೆ ತುಂಬಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ.

ಮೂರನೆಯದು ಹರಕು. ಇಲ್ಲಿ ನನ್ನ ಬುದ್ಧಿ ಓಡಿದ್ದು ಸೂಜಿಯ ಕಡೆಗೆ. ಹಿರಿಯರು ತಲೆಯಾಡಿಸಿದರು. ಹರಿದ ಅಂಚಿನಲ್ಲಿ ಹೊಲಿದರೆ ರಂಧ್ರಗಳ ಸಾಲಾಗಿ, ಅಂಚೆಚೀಟಿಯನ್ನು ಹರಿದಂತೆ ಅದೇ ಸಾಲಿನಲ್ಲಿ ಮತ್ತೆ ಹರಿಯುತ್ತದೆ. ಹೊಲಿಗೆ ಬೇಕಾದದ್ದು ಮೊದಲೇ ಹೊಲಿದ ಕಡೆ ಬಿಚ್ಚಿದ್ದರೆ; ಆಗ ಹಳೆಯ ರಂಧ್ರಗಳಲ್ಲಿಯೇ ಮೇಣ ತಿಕ್ಕಿದ ದಾರ ಹಾಯಬೇಕು. ಹರಕಿಗೆ ತೇಪೆ ಹಿಂದಿನಿಂದ. ತೆಳುವಾದ ತೊಗಲಿನ ತುಂಡೊಂದನ್ನು ಹರಕಿಗಿಂತ ಎಲ್ಲ ಕಡೆಗೂ ಅರ್ಧ ಅಂಗುಲ ದೊಡ್ಡದಾಗಿ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಅಂಚನ್ನು ಕೆರೆದು ತೆಳುಮಾಡಿ, ಹರಕಿನೊಳಗೆ ತೂರಿಸಿ ಹರಡಬೇಕು. ಬಾಗುವ ಅಂಟು ಹಚ್ಚಿ, ಎರಡು ಅಂಚುಗಳನ್ನೂ ಒಂದಕ್ಕೊಂದು ಮುಟ್ಟಿಸಿ, ಕಾಗದವಿಟ್ಟು, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಬೇಕು. ಕ್ಷಣದಲ್ಲಿ ಹಿಡಿಯುವ ಅಂಟು ಕಲ್ಲಾಗುತ್ತದೆ. ಕುಳಿತಾಗ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಭಾರಕ್ಕಾಗಿ ನಾನು ನಿಘಂಟಿನ ಎರಡು ಸಂಪುಟಗಳನ್ನು ತಂದುಕೊಟ್ಟೆ. ಅವುಗಳಿಂದ ಆ ಮನೆಯಲ್ಲಿ ಒದಗಿದ ಪ್ರತ್ಯಕ್ಷ ಪ್ರಯೋಜನ ಅದು.

ಬಣ್ಣದ ಕೆಲಸ ತಮ್ಮದಲ್ಲವೆಂದು ಅವರು ಕೈಬಿಟ್ಟರು. ತಿಳಿಯದ್ದನ್ನು ತಿಳಿಯದೆನ್ನುವ ಆ ಸೌಜನ್ಯ ವಿದ್ವಾಂಸರಲ್ಲಿ ಅಪರೂಪ. ಬೆಂಗಳೂರಿನಿಂದ ನೀರಿನಲ್ಲಿ ಬೆರೆಯುವ ತೊಗಲಿನ ಬಣ್ಣ ತಂದು ನಾನೇ ಹಚ್ಚಿದೆ. ಇದರಲ್ಲಿ ಎರಡು ಎಚ್ಚರಗಳು ಸಾಕು. ಹಸಿಯಿದ್ದಾಗಿನ ಬಣ್ಣ ಬೇರೆ, ಆರಿದಾಗಿನದು ಬೇರೆ. ಆದುದರಿಂದ ಮರೆಯಲ್ಲಿ ಹಚ್ಚಿ, ಆರಿಸಿ, ಹಗಲ ಬೆಳಕಿನಲ್ಲಿ ಹೋಲಿಸಬೇಕು. ಕುಂಚದಿಂದ ಬಳಿಯದೆ ಸ್ಪಂಜಿನ ತುಂಡಿನಿಂದ ತಟ್ಟುತ್ತ, ತೆಳುವಾಗಿ ಹಲವು ಸಲ ಹಚ್ಚಬೇಕು. ಕೊನೆಗೆ ಬಣ್ಣ ಬಟ್ಟೆಗೆ ಹತ್ತದಂತೆ ಮೇಲೊಂದು ರಕ್ಷಣೆಯ ಲೇಪ.

ಎಲ್ಲವನ್ನೂ ದುರಸ್ತಿ ಮಾಡಲೇಬೇಕೆಂಬ ಹಟವೂ ಸಲ್ಲದು. ತೊಗಟೆಯಿಂದ ಹದಗೊಂಡ ಹಳೆಯ ತೊಗಲಿಗೆ, ಹಳೆಯ ಪುಸ್ತಕಗಳ ರಟ್ಟಿಗೂ ಕೂಡ, ಗಾಳಿಯ ಗಂಧಕಾಂಶ ತಗುಲಿ ಒಂದು ರೋಗ ಬರುತ್ತದೆ. ಮುಟ್ಟಿದರೆ ಕೆಂಪು ಪುಡಿ ಬೆರಳಿಗೆ ಹತ್ತುತ್ತದೆ. ಅಂಥದನ್ನು ಇರುವಷ್ಟಕ್ಕೆ ನಿಲ್ಲಿಸಬಹುದು, ಹಿಂದಿನ ಸ್ಥಿತಿಗೆ ತರಲಾಗದು, ಎಣ್ಣೆಯಂತೂ ಕೂಡದು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ತೊಗಲುಗೊಂಬೆಗಳಿವೆ. ಅವು ಕುರ್ಚಿಯ ತೊಗಲಿನಂತೆ ಹದಗೊಂಡವಲ್ಲ. ದೀಪದ ಬೆಳಕು ಹಾಯುವಂತೆ ಕೆರೆದು ತೆಳುಮಾಡಿ ಒಣಗಿಸಿದ ತೊಗಲು. ಕುರ್ಚಿಗೆ ಸಲ್ಲುವ ಔಷಧ ಅವಕ್ಕೆ ವಿಷವಾದೀತು. ಅಂಥ ಅಪೂರ್ವ ವಸ್ತುಗಳನ್ನು ಕಾಪಾಡುವವರು ಪಾಲಿಸುವ ನಿಯಮ ನಮ್ಮ ಗ್ರಂಥಸಂಪಾದಕರದೇ: ಸಾಧ್ಯವಾದಷ್ಟು ಕಡಿಮೆ ಕೈಹಾಕುವುದು, ತಾನು ಸೇರಿಸಿದ್ದನ್ನು ಮುಂದಿನವನು ಗುರುತಿಸಿ ತೆಗೆಯುವಂತೆ ಸೇರಿಸುವುದು. ಲುಪ್ತವಾದ ಅಕ್ಷರವನ್ನು ಕಂಸದಲ್ಲಿಡದೆ ಮೂಲದಲ್ಲಿಯೇ ತುರುಕುವವನು ಕೊಬ್ಬರಿ ಎಣ್ಣೆ ಸವರಿದವನಿಗೆ ಸಮಾನ.

ಬೆಕ್ಕಿನ ಮಾತನ್ನು ಮರೆಯುವಂತಿಲ್ಲ. ಕುರ್ಚಿಯನ್ನು ಸರಿಪಡಿಸಿ ಬೆಕ್ಕನ್ನು ಹಾಗೆಯೇ ಬಿಟ್ಟರೆ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆ. ಬೆಕ್ಕು ಪರಚುವುದು ಕುಚೇಷ್ಟೆಯಿಂದಲ್ಲ. ಉಗುರಿನ ಸವೆದ ಹೊರಕವಚ ಕಳಚಿಬೀಳಲು, ಮೈಯನ್ನು ನಿಗುರಿಸಲು, ಪಾದದಲ್ಲಿರುವ ಗ್ರಂಥಿಗಳ ವಾಸನೆಯನ್ನು ಹಚ್ಚಿ ತನ್ನ ಎಲ್ಲೆಯನ್ನು ಗುರುತಿಸಲು ಅದು ಪರಚಲೇಬೇಕು. ಕೆಲವು ದೇಶಗಳಲ್ಲಿ ಉಗುರು ತೆಗೆಸುವ ಪದ್ಧತಿ ಬೆಳೆದಿತ್ತು. ಅದು ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವ ಕ್ರೌರ್ಯ, ಬ್ರಿಟನ್ ಮೊದಲಾದೆಡೆ ಕಾನೂನು ಅದನ್ನು ನಿಷೇಧಿಸಿದೆ. ಹೊಡೆದರೆ ಬೆಕ್ಕು ನಮ್ಮನ್ನು ದ್ವೇಷಿಸಲು ಕಲಿಯುತ್ತದೆಯೇ ಹೊರತು ಕುರ್ಚಿಯನ್ನು ಗೌರವಿಸಲು ಕಲಿಯುವುದಿಲ್ಲ. ಮೂರಡಿ ಎತ್ತರದ, ಅಲುಗಾಡದ ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನು ಬಿಗಿಯಾಗಿ ಸುತ್ತಿ, ಅದು ಪರಚುವ ಕುರ್ಚಿಯ ಪಕ್ಕದಲ್ಲಿಯೇ ನಿಲ್ಲಿಸಬೇಕು. ಅದು ಕಂಬಕ್ಕೆ ಒಗ್ಗಿದ ಮೇಲೆ ದಿನಕ್ಕಿಷ್ಟರಂತೆ ದೂರ ಸರಿಸಬಹುದು. ಉಗುರಿನ ತುದಿಯನ್ನು ಮಾತ್ರ, ಒಳಗಿನ ಕೆಂಪು ಭಾಗ ಮುಟ್ಟದಂತೆ, ಆಗಾಗ ಕತ್ತರಿಸುವುದೂ ಉಂಟು. ನಮ್ಮ ಬೆಕ್ಕು ಮೂರು ವಾರದಲ್ಲಿ ಕಂಬವನ್ನು ಒಪ್ಪಿಕೊಂಡಿತು.

ಕೊನೆಯದಾಗಿ ಒಂದು ಮಾತು. ನಮ್ಮ ತಂದೆಯವರ ಕಾಲದಲ್ಲಿ ಮೆಟ್ಟು ಹೊಲಿಯುವವರು ನಮ್ಮ ಮನೆಗೆ ಬಂದರೆ ಜಗುಲಿಯ ಕೆಳಗೆ ನಿಲ್ಲುತ್ತಿದ್ದರು. ಹಸುವಿನ ತೊಗಲಿನ ಕುರ್ಚಿ ನಡುಮನೆಯಲ್ಲಿ, ಪುಸ್ತಕಗಳ ಪಕ್ಕದಲ್ಲಿ ಇತ್ತು. ದೇವರ ಮನೆಯಲ್ಲಿ ಕೃಷ್ಣಾಜಿನವಿತ್ತು. ರಾಮೋತ್ಸವಕ್ಕೆ ಮೃದಂಗ ಒಳಗೆ ಬರುತ್ತಿತ್ತು. ತೊಗಲಿಗಿಲ್ಲದ ತಡೆ ತೊಗಲಿನ ಕೆಲಸದವರಿಗೆ ಇತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹರಳಯ್ಯ ಈ ಶರಣರ ಹೆಸರುಗಳನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಉಚ್ಚರಿಸಿದ್ದೇನೆ. ಆದರೂ ಅವರ ಕಸುಬು ಒಂದು ವಿದ್ಯೆ, ಅದಕ್ಕೆ ಕಣ್ಣು, ಮೂಗು, ಬೆರಳುಗಳ ವ್ಯಾಕರಣವಿದೆ ಎಂಬುದು ನನಗೆ ಹೊಳೆದದ್ದು, ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವರನ್ನು ನೋಡಿದಾಗ.

ಕೆಲಸ ಮುಗಿದ ದಿನ, "ಯಜಮಾನರೇ, ಕೂತು ನೋಡಿ" ಎಂದೆ. ಅವರು ಅಂಗೈಯಿಂದ ಒತ್ತಿ ನೋಡಿ, "ಸರಿಯಾಗಿದೆ ಬುಡಿ" ಎಂದರು. ಪೂರ್ತಿ ಭಾರ ಬಿದ್ದರೆ ತಾನೇ ತೇಪೆ ನಿಲ್ಲುವುದೋ ಇಲ್ಲವೋ ತಿಳಿಯುವುದು ಎಂದು ಮತ್ತೆ ಹೇಳಿದೆ. ಇದು ಕಸುಬಿನ ಮಾತಾದ್ದರಿಂದ ಒಪ್ಪಿದರು. ಕುಳಿತರು, ಬೆನ್ನೊರಗಿಸಿದರು, ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ವಾಲಿದರು. ಅರವತ್ತು ವರ್ಷಗಳಿಗೂ ಮೀರಿ ನಮ್ಮ ಮನೆಯಲ್ಲಿದ್ದ ಆ ಕುರ್ಚಿಯ ಮೇಲೆ ತೊಗಲು ಬಲ್ಲವರೊಬ್ಬರು ಕುಳಿತದ್ದು ಅದೇ ಮೊದಲು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ತಡವಾಯಿತೆಂಬ ನಾಚಿಕೆಯಿಂದ ಹೇಳುತ್ತಿದ್ದೇನೆ.

ತೇಪೆ ನಿಂತಿದೆ. ಹತ್ತಿರ ಹೋಗಿ ನೋಡಿದರೆ ಕಾಣುತ್ತದೆ. "ಗಾಯ ಮಾಯ್ದ್ರೂ ಕಲೆ ಇರ್ತದೆ ಮೇಷ್ಟ್ರೇ" ಎಂದು ಅವರು ಹೋಗುವಾಗ ಹೇಳಿದ್ದರು. ವರ್ಷಕ್ಕೆ ಎರಡು ಸಲ ಒರೆಸಿ, ಕಿಟಕಿಯ ಬಿಸಿಲಿನಿಂದ ದೂರವಿಟ್ಟು, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಗಾಳಿಯಾಡಿಸಿದರೆ ಇನ್ನೊಂದು ತಲೆಮಾರಿಗೆ ತೊಂದರೆಯಿಲ್ಲವೆಂದೂ ಹೇಳಿದರು. ಕೊಬ್ಬರಿ ಎಣ್ಣೆಯ ಸೀಸೆ ಈಗ ಬಚ್ಚಲುಮನೆಯಲ್ಲಿದೆ.

(ಬಾನುಲಿ ಭಾಷಣ)